ಅಪರಿಚಿತರ ನಡುವಿನ ಯಿಡ್ಡಿಷ್ ನಗೆ

ಪೂರ್ವ ಯುರೋಪಿನ ಯಹೂದಿಗಳ ಆಡುನುಡಿಯಾದ ಯಿಡ್ಡಿಷ್ ಮಾತನಾಡುವವರು ಬಹುಕಾಲದಿಂದ ಹೇಳಿಕೊಂಡು ಬಂದ ಒಂದು ರೈಲಿನ ಕಥೆಯಿದೆ. ರಾತ್ರಿಯ ಪ್ರಯಾಣದಲ್ಲಿ ಮುದುಕರೊಬ್ಬರು “ಅಯ್ಯೋ, ಎಷ್ಟು ಬಾಯಾರಿಕೆ!” ಎಂದು ನರಳುತ್ತಲೇ ಇರುತ್ತಾರೆ. ನಿದ್ದೆಗೆಟ್ಟ ಸಹಪ್ರಯಾಣಿಕನು ಎದ್ದು ಹೋಗಿ ನೀರು ತಂದು ಕುಡಿಸಿ, ಇನ್ನಾದರೂ ಮಲಗೋಣವೆಂದು ಕಣ್ಣು ಮುಚ್ಚಿದರೆ, ಕತ್ತಲಿನಿಂದ ಮತ್ತೆ ಅದೇ ದನಿ ಕೇಳಿಬರುತ್ತದೆ: “ಅಯ್ಯೋ, ಎಷ್ಟು ಬಾಯಾರಿಕೆಯಾಗಿತ್ತು!”

ಇದನ್ನು ಮುಪ್ಪಿನ ಗೊಣಗಾಟದ ಗೇಲಿಯೆಂದು ಓದುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ಮುದುಕರಿಗೆ ನೀರಿನಷ್ಟೇ ಕೇಳುವ ಕಿವಿಯೂ ಬೇಕಾಗಿತ್ತು, ಅಳಲು ತೋಡಿಕೊಳ್ಳುವುದೇ ಅವರಿಗೆ ಮಾತಿನ ಆರಂಭವಾಗಿತ್ತು. ಎರಡನೆಯ ಮಹಾಯುದ್ಧಕ್ಕೆ ಮುನ್ನ ವಿಲ್ನಾದಿಂದ ಒಡೆಸ್ಸಾದವರೆಗೆ, ವಾರ್ಸಾದಿಂದ ನ್ಯೂಯಾರ್ಕಿನವರೆಗೆ ಒಂದು ಕೋಟಿಗೂ ಹೆಚ್ಚು ಜನ ಆಡುತ್ತಿದ್ದ ಈ ಭಾಷೆಗೆ ತನ್ನದೆನ್ನುವ ರಾಜ್ಯವಿರಲಿಲ್ಲ. ಆದ್ದರಿಂದ ಗುರುತಿಲ್ಲದ ಊರಿನಲ್ಲಿ ಎದುರಾದವರ ಬಾಯಲ್ಲಿ ಅದು ಕೇಳಿಬಂದರೆ ಸಲಿಗೆ ತಾನಾಗಿ ಹುಟ್ಟುತ್ತಿತ್ತು.

ಆ ಸಲಿಗೆಗೂ ಒಂದು ಕ್ರಮವಿತ್ತು. “ಶೋಲೆಮ್ ಅಲೈಖೆಮ್” (ನಿಮಗೆ ಶಾಂತಿಯಿರಲಿ) ಎಂದವರಿಗೆ ಪದಗಳನ್ನು ತಿರುಗಿಸಿ “ಅಲೈಖೆಮ್ ಶೋಲೆಮ್” ಎನ್ನಬೇಕು. ಬಳಿಕ, ಎದುರಿಗೇ ನಿಂತಿರುವವರನ್ನು ಪ್ರಥಮ ಪುರುಷದಲ್ಲಿ, “ಯಹೂದಿಯೊಬ್ಬರು ಹೇಗಿದ್ದಾರೆ?” ಎಂದು ವಿಚಾರಿಸುವುದು ವಾಡಿಕೆ. ಅದಕ್ಕೆ “ಯಹೂದಿ ಇನ್ನು ಹೇಗೆ ತಾನೇ ಇರಬೇಕು?” ಎಂಬ ಮರುಪ್ರಶ್ನೆ ಬಂದರೆ, ಕೇಳಿದವರು ತೃಪ್ತರಾಗಿ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ಇಬ್ಬರ ಕಷ್ಟವನ್ನೂ ಒಂದೇ ವಾಕ್ಯದಲ್ಲಿ ಹಿಡಿಯುವ ಇಂಥ ಪ್ರಶ್ನೋತ್ತರದ ಸೊಗಸಿಗೆ ನಾನು ಮನಸೋತಿದ್ದೇನೆ.

ನಾಲ್ಕು ಮಾತು ಆಡುವಷ್ಟರಲ್ಲಿ ಯಾರು ಎಲ್ಲಿಯವರೆಂಬುದೂ ತಿಳಿದುಬಿಡುತ್ತಿತ್ತು. ಸಬ್ಬತ್ತಿನ, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ, ಊಟದ ಒಂದು ಕಡುಬನ್ನು ಲಿಥುವೇನಿಯಾದ ಕಡೆಯವರು ಕುಗಲ್ ಎಂದರೆ, ಇಂದಿನ ಪೋಲೆಂಡ್ ಮತ್ತು ಉಕ್ರೇನಿನಲ್ಲಿ ಹಂಚಿಹೋಗಿರುವ ಗ್ಯಾಲಿಷಿಯಾದವರು ಕಿಗಲ್ ಎನ್ನುವರು; ಮೀನಿನ ಖಾದ್ಯಕ್ಕೆ ಮೊದಲಿನವರು ಮೆಣಸು ಹಾಕಿದರೆ ಎರಡನೆಯವರು ಸಕ್ಕರೆ ಬೆರೆಸುವರು. ಇದರ ಮೇಲೆ ನಡೆದ ಪರಸ್ಪರ ಹಾಸ್ಯಕ್ಕೆ ಲೆಕ್ಕವಿಲ್ಲ. ಜಗಳದಲ್ಲಿಯೂ ಕಲ್ಪನೆ ಬತ್ತುತ್ತಿರಲಿಲ್ಲ. “ಈರುಳ್ಳಿಯ ಹಾಗೆ ತಲೆ ನೆಲದೊಳಗಿಟ್ಟು ಬೆಳೆ” ಎಂಬ ಶಾಪ ಪ್ರಸಿದ್ಧವಾದದ್ದು. ಹಲ್ಲೆಲ್ಲ ಉದುರಿಹೋಗಲಿ, ನೋವಿಗೆಂದು ಒಂದು ಮಾತ್ರ ಉಳಿಯಲಿ ಎಂಬುದು ಇನ್ನೊಂದು.

ಅಮೆರಿಕದ ಇಂಗ್ಲಿಷು ಹುಟ್ಸ್ಪಾ (ಉದ್ಧಟತನ), ಶ್ಲೆಪ್ (ಕಷ್ಟಪಟ್ಟು ಎಳೆದೊಯ್ಯು) ಮುಂತಾದ ಪದಗಳನ್ನು ಎರವಲು ಪಡೆದ ಮೇಲೆ, ಈ ಭಾಷೆಯೇ ಒಂದು ನಗೆಚಾಟಿಕೆಯೆಂಬ ಭಾವನೆ ಹರಡಿತು. ಇದು ನನ್ನನ್ನು ನೋಯಿಸುತ್ತದೆ. 1978ರಲ್ಲಿ ನೊಬೆಲ್ ಪಡೆದ ಐಸಾಕ್ ಬಾಷೆವಿಸ್ ಸಿಂಗರ್ ಬರೆದದ್ದು ಇದೇ ಭಾಷೆಯಲ್ಲಿ; ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನರ ಮನೆಮಾತೂ ಇದೇ. ಅಷ್ಟು ಜನ ಕೇಳುಗರನ್ನು ಕಳೆದುಕೊಂಡ ಹಾಸ್ಯವನ್ನು ಬಿಡಿ ಪದಗಳಿಂದ ಅಳೆಯಲಾಗದು.

1980ರಲ್ಲಿ ಆರನ್ ಲ್ಯಾನ್ಸ್ಕಿ ಎಂಬ ತರುಣ ಮ್ಯಾಸಚೂಸೆಟ್ಸಿನಲ್ಲಿ ಯಿಡ್ಡಿಷ್ ಪುಸ್ತಕ ಕೇಂದ್ರವನ್ನು ಸ್ಥಾಪಿಸಿ, ಕಸಕ್ಕೆ ಬೀಳಲಿದ್ದ ಪುಸ್ತಕಗಳನ್ನು ಮನೆಮನೆಗೆ ಹೋಗಿ ಸಂಗ್ರಹಿಸತೊಡಗಿದಾಗ, ವೃದ್ಧರು ಗುರುತಿಲ್ಲದ ಆ ಹುಡುಗನನ್ನು ಕೂರಿಸಿ, ಉಣಬಡಿಸಿ, ಒಂದೊಂದು ಪುಸ್ತಕದ ಕಥೆಯನ್ನೂ ಹೇಳಿಯೇ ಕೈಗಿಡುತ್ತಿದ್ದರು. ಇಂದು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗಿನಲ್ಲಿ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳ ಹಸಿದಿಕ್ ಪಂಥದ ಮಕ್ಕಳು ಯಿಡ್ಡಿಷಿನಲ್ಲಿಯೇ ಬೆಳೆಯುತ್ತಾರೆ, ಅಂಗಡಿಗಳಲ್ಲಿ ಚೌಕಾಸಿಯೂ ಅದರಲ್ಲಿಯೇ ನಡೆಯುತ್ತದೆ. 2021ರಿಂದ ಭಾಷೆ ಕಲಿಸುವ ಆ್ಯಪ್ ಡ್ಯುವೋಲಿಂಗೋದಲ್ಲಿ ಯಾರು ಬೇಕಾದರೂ ಇದನ್ನು ಕಲಿಯಬಹುದು. ಯಿಡ್ಡಿಷ್ ಬರೆಯುವ ಹೀಬ್ರೂ ಲಿಪಿಯೊಂದಿಗೆ ತಡವರಿಸುತ್ತ ನಾನೂ ಕಲಿಯುತ್ತಿದ್ದೇನೆ.