ಯಾರ ಮೂಳೆ ತಂಗಿ?

ಶಿರಸಿಯ ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ನಾನು ಅಸಿಸ್ಟೆಂಟ್. ಇಂಪ್ಲಾಂಟ್ ಕೇಸಿಗೆ, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಟೈಟಾನಿಯಂ ತಿರುಪು ಕೂರಿಸಲು, ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯಿಂದ ಸರ್ಜನ್ ಬರುತ್ತಾರೆ. ಟ್ರೇ ಇಡುವುದು, ಕನ್ಸೆಂಟಿಗೆ ಸಹಿ ಹಾಕಿಸುವುದು ನನ್ನ ಪಾಲು.

ಈ ಪೇಷಂಟ್ ನಿವೃತ್ತ ವಿಜ್ಞಾನ ಮಾಸ್ತರು, ಈಗ ಅಡಿಕೆ ತೋಟ. 26ನೇ ಹಲ್ಲು, ಎಡಗಡೆ ಮೇಲಿನ ದವಡೆ ಹಲ್ಲು, ಹೋಗಿ ಎಷ್ಟೋ ವರ್ಷ. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) ಉಳಿದ ಮೂಳೆ ಬರೀ 5 ಮಿ.ಮೀ. ಸೈನಸ್ ಲಿಫ್ಟ್ ಬೇಕು ಎಂದೆ. "ನಂಗೆ ಸೈನಸ್ ಇಲ್ಲ ತಂಗಿ, ಮಳೆಗಾಲದಲ್ಲಿ ನೆಗಡಿ ಅಷ್ಟೇ" ಎಂದರು. ಅದು ಕಾಯಿಲೆಯಲ್ಲ, ಮೇಲ್ದವಡೆಯ ಮೇಲಿರುವ ಗಾಳಿಗೂಡು, ಅದರ ತಳ ಸ್ವಲ್ಪ ಎತ್ತಿ ಅಡಿಗೆ ಗ್ರಾಫ್ಟ್ ತುಂಬುತ್ತಾರೆ ಎಂದು ವಿವರಿಸಿದೆ. ಮಾತಿನ ಹುರುಪಿನಲ್ಲಿ ಟೈಟಾನಿಯಂ ಮೂಳೆಗೆ ಕಚ್ಚಿಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನಲ್ಲಿ ಕಂಡದ್ದು, 1965ರಲ್ಲಿ ಮೊದಲ ಪೇಷಂಟಿಗೆ ಹಾಕಿದ್ದು ಎಲ್ಲ ಹೇಳಿದೆ. ಮಾಸ್ತರಿಗೆ ಖುಷಿಯೋ ಖುಷಿ.

ಆಮೇಲೆ ಕೇಳಿದರು, "ಈ ಗ್ರಾಫ್ಟ್ ಅಂದ್ರೆ ಎಂತದು?"

"ಮೂಳೆ ಪುಡಿ ಮಾಸ್ತರೇ. ಔಷಧಿ ಇದ್ದ ಹಾಗೆ, ಎಲ್ಲರಿಗೂ ಹಾಕ್ತೇವೆ."

ಗೊತ್ತಿಲ್ಲದೆ ಹೇಳಿದ್ದಲ್ಲ. ನಮ್ಮ ಡ್ರಾಯರಿನಲ್ಲಿ ಆಟೋ, ಅಲೋ, ಝೀನೋ, ಸಿಂಥೆಟಿಕ್ ಎಂದು ಚೀಟಿ ಅಂಟಿಸಿದವಳೇ ನಾನು. (ಆಟೋ ಎಂದರೆ ಪೇಷಂಟಿನದ್ದೇ ಮೂಳೆ. ಆ ಖಾನೆ ಯಾವಾಗಲೂ ಖಾಲಿ, ಸುಮ್ನೆ ಚೀಟಿ.) ಝೀನೋ ಎಂದರೆ ಎಂತ ಅಂತ ಬಿಡಿಸಿ ಹೇಳಿದರೆ ಕೇಸು ಎದ್ದು ಹೋಗುತ್ತದೆ ಅನ್ನಿಸಿತು. "ಜಾಸ್ತಿ ಹೇಳಬೇಡಿ, ಹೆದರ್ತಾರೆ" ಅಂತ ಮ್ಯಾನೇಜ್‌ಮೆಂಟಿನದ್ದೂ ದಿನಾ ಪಾಠ. ಕನ್ಸೆಂಟ್ ಫಾರ್ಮ್ ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ ಮಾಸ್ತರು ನನ್ನ ಮುಖ ನೋಡಿ ಸಹಿ ಹಾಕಿದರು.

ಶನಿವಾರ ಮಧ್ಯಾಹ್ನ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಸಡು ಬಿಡಿಸಿ ಎತ್ತಿ, ಡ್ರಿಲ್ ಮುಗಿದಿತ್ತು. ಡಾಕ್ಟರು ಕೈ ಚಾಚಿ, "ಬೊವೈನ್ ಅರ್ಧ ಸಿಸಿ" ಎಂದರು. ಬಾಟಲಿಯ ಸೀಲಿಗೆ ಕೈ ಹಾಕಿದ್ದೆ. ಹಸಿರು ಬಟ್ಟೆಯ ಅಡಿಯಿಂದ ಮಾಸ್ತರ ಎಡಗೈ ಎದ್ದಿತು. ನೋವಿದ್ದರೆ ಕೈ ಎತ್ತಿ ಎಂದು ನಾನೇ ಹೇಳಿಕೊಟ್ಟಿದ್ದೆ.

ಸಕ್ಷನ್ ತೆಗೆದೆ. ಅರ್ಧ ತುಟಿ ಮರಗಟ್ಟಿತ್ತು. ತೊದಲುತ್ತಲೇ ಕೇಳಿದರು: "ಬೊವೈನ್ ಅಂದ್ರೆ ದನ ಅಲ್ವಾ ತಂಗಿ? ಯಾರ ಮೂಳೆ ಅದು?"

ಡಾಕ್ಟರು ನನ್ನ ಕಡೆ ನೋಡಿದರು. ಅವರ ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅಷ್ಟೇ ಸಾಕಾಗಿತ್ತು. "ಹೇಳಿಲ್ವಾ?" ನಾನು ಬಾಯಿ ಬಿಡಲಿಲ್ಲ. ಗಾಯದಲ್ಲಿ ರಕ್ತ ತುಂಬಿಕೊಳ್ಳುತ್ತಿತ್ತು, ಗಾಜ್ ಒತ್ತಿ ಹಿಡಿದೆ. ಪ್ರೋಟೀನೆಲ್ಲ ತೆಗೆದು ಬರೀ ಖನಿಜ ಉಳಿಸಿದ್ದು ಎಂದು ಡಾಕ್ಟರೇ ಸಮಾಧಾನವಾಗಿ ಹೇಳಿದರು. ಮಾಸ್ತರು ತಲೆ ಅಲ್ಲಾಡಿಸಲಿಲ್ಲ, ಬೈಯಲೂ ಇಲ್ಲ. ಚಾವಣಿ ನೋಡುತ್ತ ಮಲಗಿದರು. ಬೈದಿದ್ದರೆ ಒಳ್ಳೆಯದಿತ್ತು.

ಸಿಂಥೆಟಿಕ್ ಬಾಟಲಿ ತೆಗೆದು ನೋಡಿದೆ, ಎಕ್ಸ್‌ಪೈರಿ ಹೋದ ತಿಂಗಳೇ ಆಗಿತ್ತು. ಸ್ಟಾಕ್ ನೋಡುವವಳೂ ನಾನೇ.

ಕೊನೆಗೆ ಡಾಕ್ಟರು, ಟ್ಯೂಬರಾಸಿಟಿಯಿಂದ, ಅಂದರೆ ಮೇಲ್ದವಡೆಯ ಹಿಂತುದಿಯಿಂದ, ನಿಮ್ಮದೇ ಮೂಳೆ ಸ್ವಲ್ಪ ತೆಗೆಯಲಾ ಎಂದು ಕೇಳಿದರು.

"ನಂದೇ ಆದ್ರೆ ಅಡ್ಡಿಲ್ಲೆ."

ಮತ್ತೆ ನಲವತ್ತು ನಿಮಿಷ. ಹೊರಗೆ ಮೂರು ಕೇಸು ಕಾಯುತ್ತಿದ್ದವು, ರಿಸೆಪ್ಷನ್ನಿನಿಂದ ಎರಡು ಸಲ ಬಾಗಿಲು ಬಡಿದರು.

ಸೋಮವಾರ ಫಾರ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದೆ: ಸ್ವಂತದ್ದು, ಬೇರೆ ಮನುಷ್ಯರದ್ದು, ದನದ್ದು, ಕೃತಕ. ಕೆಳಗೆ, ಗ್ರಾಫ್ಟಿನ ಮೇಲೆ ಮುಚ್ಚುವ ಪೊರೆ ಕೊಲಾಜನ್ ಮೆಂಬ್ರೇನಿಗೆ 'ಹಂದಿಯದ್ದೂ ಇರುತ್ತದೆ' ಎಂದೂ ಸೇರಿಸಿದೆ. ಅದೊಂದನ್ನು ಅಳಿಸು ಎಂದು ಮೇಲಿನಿಂದ ಹೇಳಿಕೆ ಬಂದಿದೆ. ಇನ್ನೂ ಅಳಿಸಿಲ್ಲ.

ಹೊಲಿಗೆ ಬಿಚ್ಚಿಸಲು ಬಂದಾಗ ಮಾಸ್ತರು ಕನ್ನಡಕ ಹಾಕಿಕೊಂಡೇ ಬಂದಿದ್ದರು. ನಾನು ಕತ್ತರಿಸಿ ಗಾಜ್ ಮೇಲಿಟ್ಟ ಕಪ್ಪು ದಾರವನ್ನು ಬಗ್ಗಿ ನೋಡಿದರು.

"ಇದು ಎಂತದು? ಈ ಸಲ ಸರಿಯಾಗಿ ಹೇಳು."

"ರೇಷ್ಮೆ ಮಾಸ್ತರೇ."

"ಪಟ್ಟೆಯಾ? ಹಾಗಾದ್ರೆ ಮಡಿಗೆ ಅಡ್ಡಿಲ್ಲೆ."