ಆಕ್ಸಲ್ ರೇಶಿಯೋ ಲೆಕ್ಕ

ಗಾಡಿಗೆ ಪವರ್ ಸಾಲದು ಅಂದ ಕೂಡಲೇ ಎಲ್ಲರೂ ಎಂಜಿನ್ ಕಡೆಗೇ ನೋಡುತ್ತಾರೆ, ಹಿಂದಿನ ಆಕ್ಸಲ್ ಒಳಗೆ ಕೂತಿರುವ ಕ್ರೌನ್ ಮತ್ತು ಪಿನಿಯನ್ ಅನ್ನುವ ಹಲ್ಲುಚಕ್ರಗಳು ಯಾರಿಗೂ ನೆನಪಾಗುವುದಿಲ್ಲ. ಇವುಗಳ ರೇಶಿಯೋ 4.10 ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ತಿರುಗುವ ಬಲ ತಲುಪಿಸುವ ಉದ್ದನೆ ದಂಡ) 4.10 ಸುತ್ತು ತಿರುಗಬೇಕು, ಅಷ್ಟೇ. ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಎಳೆತ ಜಾಸ್ತಿ. ಆದರೆ ಅದು ಸುಮ್ನೆ ಬರುವುದಿಲ್ಲ. 3.08 ತೆಗೆದು 3.73 ಹಾಕಿದರೆ, ಮೊದಲು 2000 ಆರ್‌ಪಿಎಂನಲ್ಲಿ ಓಡುತ್ತಿದ್ದ ಎಂಜಿನ್ ಅದೇ ಗೇರ್, ಅದೇ ವೇಗಕ್ಕೆ ಸುಮಾರು 2420 ತಿರುಗುತ್ತದೆ, ಹೈವೇಯಲ್ಲಿ ಡೀಸೆಲ್ ಜಾಸ್ತಿ ಕುಡಿಯದೆ ಇನ್ನೇನು ಮಾಡುತ್ತದೆ?

ಹಾಗಂತ ಮೈಲೇಜ್ ಆಸೆಗೆ ತೀರಾ ಚಿಕ್ಕ ಸಂಖ್ಯೆ ಹಾಕಿಸುವುದೂ ನನಗೆ ಸರಿ ಅನ್ನಿಸುವುದಿಲ್ಲ. ಭಾರ ಹೇರಿಕೊಂಡು ಏರು ಹತ್ತುವಾಗ ಟಾಪ್ ಗೇರ್‌ನಲ್ಲಿ ಎಳೆಯದೆ ಪದೇ ಪದೇ ಗೇರ್ ಇಳಿಸಬೇಕಾಗಿ ಬಂದರೆ, ಉಳಿಸಿದ್ದೆಲ್ಲ ಅಲ್ಲೇ ಖಾಲಿ.

ಟೈರ್ ಕಥೆ ಬೇರೆ. ಹೊರವ್ಯಾಸ 28 ಇಂಚಿನದು ತೆಗೆದು 31 ಇಂಚಿನದು ಹಾಕಿದರೆ 3.73 ಇದ್ದದ್ದು 3.37ರ ಹಾಗೆ ವರ್ತಿಸುತ್ತದೆ, ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ದೊಡ್ಡ ಟೈರ್ ಹಾಕಿ "ಗಾಡಿ ಎಳೀತಿಲ್ಲ" ಅನ್ನುವವರು ಮೊದಲು ಇದನ್ನೇ ನೋಡಬೇಕು ಅಲ್ವಾ? ಹಿಂದಿನ ರೇಶಿಯೋ ಬದಲಿಸಿದರೆ, ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಆಕ್ಸಲ್‌ನಲ್ಲೂ ಅದಕ್ಕೆ ಹೊಂದುವ ರೇಶಿಯೋ ಹಾಕಿಸಬೇಕು, ಖರ್ಚು ಡಬಲ್.