ಪಾಯಿಂಟ್ ಜಾಸ್ತಿಯಾಯಿತು, ಸರಿ. ಹುಡುಗ ಬದಲಾದನಾ?

ಅಪರಾಧ ಮಾಡಿ ಸಿಕ್ಕಿಬಿದ್ದ ಹದಿಹರೆಯದ ಹುಡುಗರನ್ನು ಇರಿಸುವ ಸಂಸ್ಥೆಗಳಲ್ಲಿ ಪಾಯಿಂಟ್ ಪದ್ಧತಿ ಇರುತ್ತದೆ. ಹೊತ್ತಿಗೆ ಸರಿಯಾಗಿ ಎದ್ದರೆ, ಪಾಠಕ್ಕೆ ಕೂತರೆ, ಜಗಳಕ್ಕೆ ಹೋಗದಿದ್ದರೆ ಪಾಯಿಂಟ್. ಕೂಡಿಟ್ಟ ಪಾಯಿಂಟಿಗೆ ಟಿವಿ, ಆಟದ ಸಮಯ, ಇನ್ನೂ ಏನೇನೋ. ಇದರಿಂದ ನಿಜವಾಗಿ ಪ್ರಯೋಜನ ಆಗುತ್ತಿದೆಯಾ ಅಂತ ನೋಡಿ ವರದಿ ಕೊಡುವುದು ನನ್ನ ಕೆಲಸ.

ಎಲ್ಲ ಕಡೆಯೂ ಮೊದಲು ತೋರಿಸುವುದು ಒಂದು ಗ್ರಾಫ್. ಗೆರೆ ಮೇಲಕ್ಕೆ ಏರಿರುತ್ತದೆ. ನಾನು ಅದನ್ನು ಪಕ್ಕಕ್ಕಿಟ್ಟು, ಪಾಯಿಂಟ್ ಬರೆಯುವ ಹಾಳೆಗಳನ್ನು ಕೊಡಿ ಅನ್ನುತ್ತೇನೆ.

ಒಂದು ಕಡೆ ನೋಡಿದ ಹಾಳೆ ಹೇಳುತ್ತೇನೆ. ಬೆಳಗ್ಗೆಯ ಶಿಫ್ಟಿಗೆ ಗಂಟೆಗೊಂದು ಚೌಕ. ಎಲ್ಲ ಚೌಕಗಳಲ್ಲೂ ಒಂದೇ ಪೆನ್ನು, ಒಂದೇ ಓರೆಯ ಟಿಕ್. ಶಿಫ್ಟ್ ಮುಗಿಯುವಾಗ ಒಂದೇ ಉಸಿರಿಗೆ ತುಂಬಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅದರ ಕೆಳಗಿನ ಹಾಳೆಯಲ್ಲಿ ಅದೇ ಹುಡುಗನಿಗೆ ರಾತ್ರಿಯವರು ಅರ್ಧ ಪಾಯಿಂಟ್ ಕೊಟ್ಟಿದ್ದಾರೆ. ಅವನು ರಾತ್ರಿ ತಂಟೆ ಮಾಡುತ್ತಾನೋ, ರಾತ್ರಿಯವರ ಕೈ ಬಿಗಿಯೋ? ಹಾಳೆ ಹೇಳುವುದಿಲ್ಲ. ಸಿಬ್ಬಂದಿಯನ್ನು ಬೈದೂ ಪ್ರಯೋಜನ ಇಲ್ಲ. ಅಷ್ಟು ಹುಡುಗರನ್ನು ಒಬ್ಬರೇ ನೋಡಿಕೊಳ್ಳುವಾಗ ಗಂಟೆಗೊಮ್ಮೆ ಪೆನ್ನು ಹಿಡಿಯುವುದು ಆಗುವ ಮಾತಲ್ಲ.

ಹಾಗಾಗಿ ಇಬ್ಬರನ್ನು ಬೇರೆ ಬೇರೆ ಕೂರಿಸಿ, ಒಂದೇ ಹೊತ್ತಿನಲ್ಲಿ ಅದೇ ಹುಡುಗರನ್ನು ನೋಡಿ ಗುರುತು ಹಾಕಲು ಹೇಳುತ್ತೇವೆ. ಹತ್ತರಲ್ಲಿ ಎಂಟಾದರೂ ಹೊಂದಬೇಕು ಅನ್ನುವುದು ಈ ಕೆಲಸದ ರೂಢಿ. ‘ವಿನಯವಾಗಿದ್ದ’ ಅಂತ ಬರೆದರೆ ಯಾವತ್ತೂ ಹೊಂದುವುದಿಲ್ಲ. ‘ಕರೆದ ಕೂಡಲೇ ಎದ್ದು ಬಂದ’ ಅಂತ ಬರೆದರೆ ಹೊಂದುತ್ತದೆ.

ಇನ್ನೊಂದು ತಂತ್ರ ಇದೆ, ಬೇಕಂತಲೇ ಮಾಡುವುದಲ್ಲ, ಆದರೂ ತಂತ್ರವೇ. ಜಾಸ್ತಿ ಗಲಾಟೆ ಮಾಡುವವರನ್ನು ಬೇರೆ ಕಡೆಗೆ ವರ್ಗ ಮಾಡಿರುತ್ತಾರೆ. ಉಳಿದವರ ಸರಾಸರಿ ತಾನಾಗಿಯೇ ಏರುತ್ತದೆ. ಅದಕ್ಕೇ, ಮೊದಲು ಸೇರಿದ ಎಲ್ಲರ ಪಟ್ಟಿಯಿಂದ ಶುರು ಮಾಡಬೇಕು, ಉಳಿದವರ ಪಟ್ಟಿಯಿಂದ ಅಲ್ಲ.

ಈ ಪದ್ಧತಿಯ ಬಗ್ಗೆ ಎಲ್ಲರೂ ಎತ್ತಿ ಹೇಳುವುದು ಅಮೆರಿಕದ ಕಾನ್ಸಾಸ್‌ನಲ್ಲಿ 1967ರಲ್ಲಿ ಶುರುವಾದ ಅಚೀವ್‌ಮೆಂಟ್ ಪ್ಲೇಸ್ ಎಂಬ, ದಾರಿ ತಪ್ಪಿದ ಹುಡುಗರನ್ನು ಇರಿಸುವ ಮನೆಯನ್ನು. ಎಲೆರಿ ಫಿಲಿಪ್ಸ್ 1968ರಲ್ಲಿ ಬರೆದ ವರದಿಯಲ್ಲಿ ಪಾಯಿಂಟ್ ಕೊಟ್ಟಾಗ ನಡತೆ ಸುಧಾರಿಸುತ್ತದೆ, ನಿಲ್ಲಿಸಿದಾಗ ಹಿಂದಕ್ಕೆ ಜಾರುತ್ತದೆ, ಮತ್ತೆ ಕೊಟ್ಟಾಗ ಮತ್ತೆ ಸುಧಾರಿಸುತ್ತದೆ. ಬದಲಾವಣೆಗೆ ಪಾಯಿಂಟೇ ಕಾರಣ ಅಂತ ಸಾಬೀತಾಯಿತಲ್ಲ ಅನ್ನುತ್ತಾರೆ. ಸರಿ. ಆದರೆ ಸಂಸ್ಥೆ ನಡೆಸುವವರು ಗಾಬರಿಪಡಬೇಕಾದ್ದೂ ಅದಕ್ಕೇ, ಅಲ್ವಾ? ಹೊರಗೆ ಹೋದ ಮೇಲೆ ಯಾರು ಪಾಯಿಂಟ್ ಕೊಡುತ್ತಾರೆ?

ಆ ಮನೆಯವರಿಗೂ ಇದು ಗೊತ್ತಿತ್ತು. ದಿನದ ಲೆಕ್ಕದಿಂದ ವಾರದ ಲೆಕ್ಕಕ್ಕೆ, ಅಲ್ಲಿಂದ ಪಾಯಿಂಟೇ ಇಲ್ಲದ ಹಂತಕ್ಕೆ ಹುಡುಗರನ್ನು ಸಾಗಿಸುತ್ತಿದ್ದರು. ಆದರೂ ಇದೇ ಮಾದರಿಯ ಮನೆಗಳನ್ನು ಬೇರೆ ಮನೆಗಳ ಜೊತೆ ಹೋಲಿಸಿ ಕಿರಿಗಿನ್ ಮತ್ತು ಸಂಗಡಿಗರು 1982ರಲ್ಲಿ ಬರೆದದ್ದು ನೋಡಿ: ಒಳಗಿದ್ದಾಗ ಅಪರಾಧ ಕಡಿಮೆ, ಬಿಟ್ಟುಹೋದ ಒಂದು ವರ್ಷದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಬಹುಮಾನವಾಗಿ ಏನು ಕೊಡುತ್ತಾರೆ ಅನ್ನುವುದನ್ನೂ ನಾನು ಬಿಡುವುದಿಲ್ಲ. ಒಂದು ಪಟ್ಟಿಯಲ್ಲಿ ‘ಅಮ್ಮನಿಗೆ ಫೋನ್’ ಅಂತ ಇತ್ತು, ಪಕ್ಕದಲ್ಲಿ ಪಾಯಿಂಟಿನ ಬೆಲೆ. ಸ್ವಾತಂತ್ರ್ಯ ಕಳೆದುಕೊಂಡ ಮಕ್ಕಳ ರಕ್ಷಣೆಗೆ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ನಿಯಮಗಳಲ್ಲಿ 67ನೆಯದು, ಯಾವ ಕಾರಣಕ್ಕೂ ಊಟ ಕಡಿಮೆ ಮಾಡಬಾರದು, ಮನೆಯವರ ಸಂಪರ್ಕ ತಡೆಯಬಾರದು ಅನ್ನುತ್ತದೆ. ಹಾಗಾಗಿ ಮಾಮೂಲಿ ಫೋನಿಗೆ ಬೆಲೆ ಕಟ್ಟುವಂತಿಲ್ಲ. ಅದನ್ನು ಪಟ್ಟಿಯಿಂದ ತೆಗೆದರೆ ಪದ್ಧತಿಯೇ ಕುಸಿಯುತ್ತದೆ ಅಂತ ಅಲ್ಲಿನ ಮೇಲಧಿಕಾರಿ ವಾದಿಸಿದರು. ಕುಸಿದರೆ ಕುಸಿಯಲಿ ಅನ್ನುವುದು ನನ್ನ ಅಭಿಪ್ರಾಯ, ವರದಿಯಲ್ಲಿ ಸ್ವಲ್ಪ ಮೆತ್ತಗೆ ಬರೆದೆ.

“ಹಾಗಾದರೆ ನಾವು ಮಾಡುತ್ತಿರುವುದೆಲ್ಲ ದಂಡವಾ ಸಾರ್?” ಅಂತ ಕೇಳುತ್ತಾರೆ. ಇಲ್ಲ. ಒಳಗೆ ಹೊಡೆದಾಟ ಕಡಿಮೆಯಾದರೆ, ಪಾಠ ನಡೆದರೆ ಅದೂ ಲಾಭವೇ. ಅದನ್ನು ಅಷ್ಟೇ ಅಂತ ಬರೆಯಬೇಕು, ಸುಮ್ನೆ ‘ಸುಧಾರಣೆ’ ಅಂತ ದೊಡ್ಡದು ಮಾಡಬಾರದು. ಸುಧಾರಣೆ ಅನ್ನಬೇಕಾದರೆ ಹೊರಗೆ ಹೋದವರನ್ನು ಒಂದು ವರ್ಷವಾದರೂ ಹಿಂಬಾಲಿಸಬೇಕು. ಶಾಲೆಗೋ ಕೆಲಸಕ್ಕೋ ಹೋಗುತ್ತಿದ್ದಾರಾ, ಹೊಸ ಕೇಸು ಬಿದ್ದಿದೆಯಾ, ಪದ್ಧತಿ ಇಲ್ಲದ ಕಡೆಯಿಂದ ಬಂದ ಅಂಥದೇ ಹುಡುಗರ ಕಥೆ ಏನು, ಎಲ್ಲ ನೋಡಬೇಕು. ವಿಳಾಸ ಬದಲಾಗುತ್ತದೆ, ನಂಬರ್ ಸ್ವಿಚ್ ಆಫ್ ಆಗುತ್ತದೆ, ಹುಡುಕುವವರಿಗೆ ಸಂಬಳ ಕೊಡಬೇಕು. ಆ ಖರ್ಚನ್ನು ಯೋಜನೆ ಶುರುವಾಗುವ ಮೊದಲೇ ಬಜೆಟ್‌ನಲ್ಲಿ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.